ನೋಟಿನ ನಂಬರ್ ಓದುವ ಲೆಕ್ಕ, ನೋಟು ಕಾಪಾಡುವ ಬಗೆ

ನೋಟು ಸಂಗ್ರಹಕ್ಕೆ ಹೊಸಬರಾದವರು ನಂಬರಿನ ಅಂದಕ್ಕೆ ಬೇಗ ಮರುಳಾಗುತ್ತಾರೆ. ನಂಬರ್ ಎಂದರೆ ಮುದ್ರಣಾಲಯದ ಲೆಕ್ಕ. ಹಾಗೆಂದೇ ಓದಿದರೆ ಯಾವುದು ಅಪರೂಪ, ಯಾವುದು ಬರೀ ಚೆಂದ ಎಂದು ಗೊತ್ತಾಗುತ್ತದೆ.

ನಂಬರಿನ ಶುರುವಿನ ಅಕ್ಷರ, ಅಂಕಿಗಳು ಪ್ರಿಫಿಕ್ಸ್, ಅಂದರೆ ಸರಣಿಯ ಗುರುತು. ಉಳಿದದ್ದು ಸರಣಿಯೊಳಗಿನ ಕ್ರಮಸಂಖ್ಯೆ. ಇದು ಭಾರತದ ನೋಟಿನಲ್ಲಿ 6 ಅಂಕಿ, ಅಮೆರಿಕದ ಡಾಲರಿನಲ್ಲಿ 8. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ‘ರೇಡಾರ್’ ನಂಬರ್ 6 ಅಂಕಿಯಲ್ಲಿ ಸಾವಿರಕ್ಕೊಂದು, 8 ಅಂಕಿಯಲ್ಲಿ ಹತ್ತು ಸಾವಿರಕ್ಕೊಂದು. ಕ್ರಮಸಂಖ್ಯೆಯ ಮೊದಲ ಮೂರು ಅಂಕಿ 274 ಆಗಿರುವ ಸಾವಿರ ನೋಟು, ಅಂದರೆ ನೂರರ ಹತ್ತು ಕಟ್ಟು, ಎದುರಿಗಿದೆ ಎಂದುಕೊಳ್ಳಿ. ಅದರಲ್ಲಿ ರೇಡಾರ್ 274472 ಒಂದೇ, ಮೊದಲ ಅರ್ಧವೇ ಮತ್ತೆ ಬರುವ ‘ರಿಪೀಟರ್’ 274274 ಒಂದೇ. ಎಲ್ಲವನ್ನೂ ಮಗುಚಬೇಕಿಲ್ಲ: ಕಟ್ಟಿನ ಮೊದಲ ನಂಬರ್ ನೋಡಿ, ಲೆಕ್ಕ ಹಾಕಿ, ನೇರ ಆ ನೋಟಿಗೇ ಕೈ ಹಾಕಿ. ಆರೂ ಅಂಕಿ ಒಂದೇ ಆಗಿರುವ ‘ಸಾಲಿಡ್’ ಮಾತ್ರ ನಿಜಕ್ಕೂ ವಿರಳ. 111111ರಿಂದ 999999ರವರೆಗೆ ಒಂದು ಪ್ರಿಫಿಕ್ಸ್‌ಗೆ ಒಂಬತ್ತೇ.

ಅಚ್ಚಿನಲ್ಲಿ ಕೆಟ್ಟ ನೋಟನ್ನು ಅದೇ ನಂಬರಿನಲ್ಲಿ ಮತ್ತೆ ಮುದ್ರಿಸುವ ಬದಲು ನಕ್ಷತ್ರದ ಗುರುತಿರುವ ನೋಟು ಸೇರಿಸುತ್ತಾರೆ. ಭಾರತದಲ್ಲಿ ಈ ಪದ್ಧತಿ 2006ರಲ್ಲಿ ಬಂತು. ನಕ್ಷತ್ರ ಪ್ರಿಫಿಕ್ಸ್‌ಗೂ ಸಂಖ್ಯೆಗೂ ನಡುವೆ ಇರುತ್ತದೆ. ಈಗಿನ ಡಾಲರಿನಲ್ಲಿ ಅದು ಸಂಖ್ಯೆಯ ನಂತರ ಬರುವ ಕೊನೆಯ ಅಕ್ಷರದ ಜಾಗದಲ್ಲಿ ಕೂತಿರುತ್ತದೆ. ನಕ್ಷತ್ರವಿದ್ದರೆ ಖೋಟಾ ಎಂಬ ಮಾತು ಶುದ್ಧ ಸುಳ್ಳು. ಹಾಗೆಂದು ನಕ್ಷತ್ರದ ನೋಟೆಲ್ಲ ದುಬಾರಿಯೂ ಅಲ್ಲ. ಬೆಲೆ ಆ ಸರಣಿಯಲ್ಲಿ ಎಷ್ಟು ಅಚ್ಚಾಗಿವೆ ಎಂಬುದರ ಮೇಲೆ ನಿಂತಿದೆ.

ಚೆಂದದ ನಂಬರಿಗೆ ಹೆಚ್ಚು ಹಣ ಕೊಡುವ ಮುನ್ನ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಿಡಿಯಿರಿ. 8ನ್ನು ಕೆರೆದು 3 ಮಾಡಿದ್ದರೆ ಆ ಜಾಗದ ನಾರು ಎದ್ದು ನಿಂತಿರುತ್ತದೆ, ಬೆಳಕಿಗೆ ಹಿಡಿದಾಗ ಕಾಗದ ತೆಳುವಾಗಿ ಕಾಣುತ್ತದೆ. ನೋಟಿನ ಮುಂಬದಿಯಲ್ಲಿ ಎರಡು ಜಾಗದಲ್ಲಿರುವ ನಂಬರನ್ನು ಅಂಕಿಗೆ ಅಂಕಿ ತಾಳೆ ನೋಡಿ. 2015ರಿಂದ ಹಂತಹಂತವಾಗಿ ಬಂದ ಭಾರತದ ನೋಟುಗಳಲ್ಲಿ ಪ್ರಿಫಿಕ್ಸ್ ಬಿಟ್ಟು ಉಳಿದ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತವೆ. ಇನ್ನೆಲ್ಲಿಂದಲೋ ತಂದು ಅಂಟಿಸಿದ ಅಂಕಿ ಗಾತ್ರದಲ್ಲೇ ಸಿಕ್ಕಿಬೀಳುತ್ತದೆ.

ನಂಬರಿಗಿಂತ ಮೊದಲು ಸ್ಥಿತಿ ನೋಡುವುದೇ ಒಳ್ಳೆಯದು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ನೋಟಿನ ಅಂಚಿಗೆ ಅಡ್ಡಡ್ಡ ಹಿಡಿಯಿರಿ. ಇಸ್ತ್ರಿ ಹಾಕಿ ಮುಚ್ಚಿದ ಮಡಿಕೆಯೂ ಸಣ್ಣ ಏಣಿನ ಹಾಗೆ ನೆರಳು ಬಿಡುತ್ತದೆ. ಯುವಿ (ಅತಿನೇರಳೆ) ದೀಪದಲ್ಲಿ ಕಾಗದವೇ ನೀಲಿಯಾಗಿ ಹೊಳೆದರೆ ಸೋಪಿನಲ್ಲಿ ತೊಳೆದಿರುವ ಸಾಧ್ಯತೆ ಹೆಚ್ಚು, ಸೋಪಿನ ಪುಡಿಯಲ್ಲಿ ಬಿಳುಪು ತೋರಿಸುವ ರಾಸಾಯನಿಕ ಇರುತ್ತದೆ. ದಯವಿಟ್ಟು ನಿಮ್ಮ ನೋಟನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಟೇಪ್ ಹಚ್ಚಬೇಡಿ. ಕೊಳೆಯಾದ ಅಸಲಿ ನೋಟಿಗಿರುವ ಗೌರವ ತೊಳೆದ ನೋಟಿಗಿಲ್ಲ.

ಒಣಗಿದ ಶುದ್ಧ ಕೈಯಲ್ಲಿ ಅಂಚು ಹಿಡಿದು, ಆಲ್ಬಮ್ಮಿನ ಒಂದು ಜೇಬಿಗೆ ಒಂದೇ ನೋಟು ಇಡಿ. ಜೇಬು ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನದಾಗಿರಲಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆ ಕಾಲಕ್ರಮೇಣ ಆಮ್ಲ ಬಿಡುತ್ತದೆ, ಜಿಗುಟಾಗಿ ಶಾಯಿಯನ್ನೇ ಕಿತ್ತುಕೊಳ್ಳುತ್ತದೆ. ಆಲ್ಬಮ್ ತೆರೆದಾಗ ಹೊಸ ಪ್ಲಾಸ್ಟಿಕ್ಕಿನ ಘಾಟು ಬಂದರೆ ನೋಟುಗಳನ್ನು ಅಂದೇ ಬೇರೆ ಕಡೆಗೆ ಸಾಗಿಸಿ.