ಗೋಡೆಯೊಳಗೆ ನೋಡೋ ಮಷೀನು: ಸ್ಟಡ್ ಫೈಂಡರ್ ಆರಿಸಿದ ನನ್ನ ಅನುಭವ

ಬೆಳಗಾವಿಯಲ್ಲಿ ಸ್ಟಡ್ ಫೈಂಡರ್ ಕೊಡಿ ಅಂದರೆ ಎಷ್ಟೋ ಅಂಗಡಿಯವರು ಲೇಸರ್ ಲೆವೆಲ್ ತೆಗೆದು ಮುಂದಿಡುತ್ತಾರೆ. ಅವರನ್ನು ಅಂದು ಉಪಯೋಗವಿಲ್ಲ. ಇದು ಗೋಡೆಯೊಳಗಿನ ಕಂಬ, ಅಂದರೆ ಸ್ಟಡ್, ಎಲ್ಲಿದೆ ಅಂತ ಹುಡುಕೋ ಮಷೀನು, ಮುಖ್ಯವಾಗಿ ಅಮೆರಿಕದಂಥ ಕಡೆಯ ಮನೆಗಳಿಗಾಗಿ ಬಂದದ್ದು. ಅಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ನಿಲ್ಲಿಸಿ, ಮೇಲೆ ಜಿಪ್ಸಮ್ ಬೋರ್ಡ್ ಹೊಡೆದು ಗೋಡೆ ಮಾಡುತ್ತಾರೆ. ಭಾರದ ಸಾಮಾನು ತೂಗುಹಾಕಬೇಕಾದರೆ ಕಂಬಕ್ಕೇ ಸ್ಕ್ರೂ ಹಾಕಬೇಕು. ನಮ್ಮಲ್ಲಿ ಇಟ್ಟಿಗೆ, ಕೆಂಪು ಕಲ್ಲು, ಈಗೀಗ ಸಿಮೆಂಟ್ ಬ್ಲಾಕ್. ಎಲ್ಲಿ ಡ್ರಿಲ್ ಹಾಕಿದರೂ ಗಿಟ್ಟಿ (ಸ್ಕ್ರೂ ಹಿಡಿಯೋ ಪ್ಲಗ್) ಕೂರುತ್ತದೆ.

ಆದರೂ ನನಗೆ ಇದು ಬೇಕೇ ಬೇಕು. ನಾನು ಮಾಡೋದು ಇಂಟೀರಿಯರ್ ಫಿಟ್ಟಿಂಗ್ ಕೆಲಸ. ತಿಲಕವಾಡಿ ಕಡೆ ಕೋಚಿಂಗ್ ಕ್ಲಾಸು, ದವಾಖಾನೆ, ಆಫೀಸು ಅಂತ ಹೋದರೆ ಒಳಗೆಲ್ಲ ಜಿಪ್ಸಮ್ ಪಾರ್ಟಿಶನ್ನು. ಮನೆಗಳಿಗೆ ಹೋದರೆ ಗೋಡೆ ಗಟ್ಟಿ, ಆದರೆ ಒಳಗೆ ಕರೆಂಟಿನ ಪೈಪು ಎಲ್ಲೆಲ್ಲಿ ಓಡಿದೆ ಅಂತ ಮನೆಯವರಿಗೂ ನೆನಪಿರೋದಿಲ್ಲ. ಈ ಎರಡು ಗೋಡೆಗೆ ಬೇಕಾದ ಮಷೀನು ಒಂದೇ ಅಲ್ಲ. ಅಂಗಡಿಯಲ್ಲಿ ಮಾತ್ರ ಎಲ್ಲವನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ.

ಪಾರ್ಟಿಶನ್ನಿಗೆ ಮೊದಲು ನಾನು ತೆಗೆಯೋದು ಒಂದು ಸಣ್ಣ ಆಯಸ್ಕಾಂತ. ನಿಯೋಡಿಮಿಯಂದು, ಬಟನ್ನಿನಷ್ಟು ದೊಡ್ಡದು, ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ್ದೇನೆ. ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್. ಅದನ್ನು ಒಳಗಿನ ಜಿಐ ಚಾನೆಲ್ಲಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ ಕಂಬಕ್ಕೆ, ಕಬ್ಬಿಣದ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ತಲೆ ಪುಟ್ಟಿಯ ಕೆಳಗೇ ಇರುತ್ತದೆ. ಆಯಸ್ಕಾಂತವನ್ನು ಗೋಡೆಗೆ ತಾಗಿಸಿ ನಿಧಾನವಾಗಿ ಅಡ್ಡ ಎಳೆದರೆ ಒಂದು ಕಡೆ ಪಟ್ ಅಂತ ಹಿಡಿದುಕೊಳ್ಳುತ್ತದೆ. ಅಲ್ಲಿಂದ ನೆಟ್ಟಗೆ ಮೇಲೆ, ಕೆಳಗೆ ಹೋಗಿ. ಸ್ಕ್ರೂಗಳು ಸಾಲಾಗಿ ಸಿಗುತ್ತಾ ಹೋದರೆ ಅದು ಚಾನೆಲ್ಲೇ. ಮುಂದಿನದು ನಮ್ಮ ಕಡೆ ಸಾಮಾನ್ಯವಾಗಿ 2 ಫೂಟಿಗೆ ಸಿಗುತ್ತದೆ. ಬ್ಯಾಟರಿ ಬೇಡ, ಸೆಟ್ಟಿಂಗ್ ಬೇಡ. ಬರೀ ಪಾರ್ಟಿಶನ್ ಕೆಲಸ ಮಾಡೋರು ಇಲ್ಲಿಗೇ ನಿಲ್ಲಿಸಬಹುದು ಅನ್ನೋದು ನನ್ನ ಅಭಿಪ್ರಾಯ. ಅಂಗಡಿಯವರಿಗೆ ಹಿಡಿಸಲಿಕ್ಕಿಲ್ಲ ಅಷ್ಟೇ.

ಒಂದು ಮಾತು ಸೇರಿಸಬೇಕು. ಚಾನೆಲ್ ಸಿಕ್ಕಿತು ಅಂತ ದೊಡ್ಡ ಟಿವಿಯನ್ನು ಅದಕ್ಕೇ ತೂಗುಹಾಕೋದಲ್ಲ. ಆ ತಗಡಿನ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಹಿಂದೆ ಪ್ಲೈವುಡ್ ಪಟ್ಟಿ ಕೊಟ್ಟಿದ್ದಾರಾ ಅಂತ ಕೇಳಿ. ಪಾರ್ಟಿಶನ್ ಇನ್ನೂ ಕಟ್ಟುತ್ತಿದ್ದರೆ ಕೊಡಿಸಿಯೇ ಬಿಡಿ.

ಬ್ಯಾಟರಿ ಮಷೀನಿನಲ್ಲಿ ಕಡಿಮೆ ರೇಟಿನವು ಬೋರ್ಡಿನ ಹಿಂದೆ ಸಾಂದ್ರತೆ ಎಲ್ಲಿ ಬದಲಾಗುತ್ತದೆ ಅಂತ ನೋಡುತ್ತವೆ. ಅದಕ್ಕೇ ಅವನ್ನು ಮೊದಲು ಖಾಲಿ ಜಾಗದ ಮೇಲಿಟ್ಟು ಬಟನ್ ಒತ್ತಬೇಕು. ಚಾನೆಲ್ಲಿನ ಮೇಲೇ ಇಟ್ಟು ಒತ್ತಿದರೆ ಅದನ್ನೇ ಖಾಲಿ ಜಾಗ ಅಂದುಕೊಂಡು ಸುಮ್ನೆ ಕೂರುತ್ತವೆ. ಒಂದರ್ಧ ಫೂಟು ಸರಿಸಿ ಮತ್ತೆ ಶುರು ಮಾಡಿ. ಎಡದಿಂದ ಬಂದಾಗ ಒಂದು ಗೆರೆ, ಬಲದಿಂದ ಬಂದಾಗ ಇನ್ನೊಂದು ಗೆರೆ. ನಡುವೆ ಸುಮಾರು ಒಂದೂವರೆ ಇಂಚು ಇದ್ದರೆ ಚಾನೆಲ್. ನಾಲ್ಕೈದು ಇಂಚು ಬಂದರೆ ಬೇರೆ ಏನೋ ಇದೆ, ಸ್ವಿಚ್ ಬಾಕ್ಸೂ ಆಗಿರಬಹುದು. ಮೇಲಕ್ಕೆ ಕೆಳಕ್ಕೆ ಓಡಿಸಿ ನೋಡಿ. ಚಾನೆಲ್ ನೆಲದಿಂದ ಮೇಲಿನವರೆಗೂ ಹೋಗುತ್ತದೆ, ಬಾಕ್ಸ್ ಅಲ್ಲಲ್ಲೇ ಮುಗಿಯುತ್ತದೆ.

ಇಟ್ಟಿಗೆ ಗೋಡೆಗೆ ಬೇಕು ಅಂದಾಗಲೂ ಅಂಗಡಿಯವನು ಇದೇ ಮಷೀನನ್ನು ತೋರಿಸಿದ.

"ಎಲ್ಲಾ ಹಿಡಿತೈತ್ರಿ ಇದು. ವಾಯರು, ಪೈಪು, ಕಟ್ಟಿಗಿ, ಎಲ್ಲಾ."

"ಪ್ಲಾಸ್ಟಿಕ್ ಪೈಪು?"

"ಪ್ಲಾಸ್ಟಿಕ್... ನೋಡಬೇಕ್ರಿ ಸಾಹೇಬ್ರ."

ಅಲ್ಲೇ ಇರೋದು ವಿಷಯ. ಪೀಂ ಅನ್ನೋದು ಎಲ್ಲಾ ಮಷೀನಿಗೂ ಬರುತ್ತದೆ. ಯಾವುದರ ಮೇಲೆ ಪೀಂ ಅನ್ನೋದಿಲ್ಲ ಅಂತ ಕೇಳಿ ಆರಿಸಬೇಕು. ನಾನು ಕೊನೆಗೆ ತಗೊಂಡಿದ್ದು ಬಾಷ್ ಜಿಎಂಎಸ್ 120. ಕಂಪನಿ ಹೇಳೋ ಪ್ರಕಾರ ಕಬ್ಬಿಣ 120 ಮಿಲಿಮೀಟರ್ ಆಳದವರೆಗೆ, ತಾಮ್ರ 80, ಕರೆಂಟ್ ಇರೋ ವಾಯರ್ 50, ಮರ 38. ಇವೆಲ್ಲ ಹೆಚ್ಚೆಂದರೆ ಇಷ್ಟು ಅನ್ನೋ ಅಂಕಿ. ನಮ್ಮ ಗೋಡೆಯಲ್ಲಿ ಇಷ್ಟು ಸಿಗುತ್ತದೆ ಅಂತ ನಂಬಿಕೊಂಡು ಡ್ರಿಲ್ ಹಿಡಿಯಬೇಡಿ. ನನಗೆ ಹಿಡಿಸಿದ್ದು ನಡುವೆ ಇರೋ ತೂತು. ಮಷೀನು ಅಲ್ಲಾಡಿಸದೆ ಅದರೊಳಗೇ ಪೆನ್ಸಿಲ್ ಇಟ್ಟು ಗುರುತು ಮಾಡಬಹುದು. ರಡಾರ್ ಇರೋ ದೊಡ್ಡ ಮಷೀನುಗಳು ನೀರು ತುಂಬಿದ ಪ್ಲಾಸ್ಟಿಕ್ ಪೈಪನ್ನೂ ತೋರಿಸುತ್ತವೆ, ಆದರೆ ಆ ದುಡ್ಡಿಗೆ ಒಳ್ಳೆ ಹ್ಯಾಮರ್ ಡ್ರಿಲ್ಲೇ ಬರುತ್ತದೆ. ನನ್ನ ಕೆಲಸಕ್ಕೆ ಜಾಸ್ತಿ ಆಯಿತು.

ತಗೊಂಡ ದಿನ ಅದನ್ನು ನಮ್ಮ ಮನೆಯ ಹಾಲಿನಲ್ಲೇ ಪರೀಕ್ಷೆ ಮಾಡಿದೆ. ಸ್ವಿಚ್ ಬೋರ್ಡಿನಿಂದ ಟ್ಯೂಬ್‌ಲೈಟಿಗೆ ಪೈಪು ಎಲ್ಲಿ ಹೋಗಿದೆ ಅಂತ ನನಗೆ ಗೊತ್ತು, ಗೌಂಡಿ ಪ್ಲಾಸ್ಟರ್ ಮಾಡುವ ಮೊದಲು ನಿಂತು ನೋಡಿದವನು ನಾನೇ. ಲೈಟ್ ಹಾಕಿ ಎಡದಿಂದ ಎಳೆದೆ, ಗುರುತು. ಬಲದಿಂದ ಎಳೆದೆ, ಗುರುತು. ಎರಡೂ ಹತ್ತಿರ ಹತ್ತಿರವೇ ಬಿದ್ದವು. ಆಮೇಲೆ ಲೈಟ್ ಆರಿಸಿ ಅದೇ ಜಾಗದಲ್ಲಿ ಮತ್ತೆ ಎಳೆದೆ. ಕರೆಂಟಿನ ಗುರುತೇ ಬರಲಿಲ್ಲ! ಮಷೀನು ಕೆಟ್ಟಿಲ್ಲ. ಸ್ವಿಚ್ ಆಫ್ ಆದ ಮೇಲೆ ಆ ವಾಯರಿನಲ್ಲಿ ಕರೆಂಟೇ ಇರೋದಿಲ್ಲ, ಅಲ್ವಾ? ಹಾಗಾಗಿ ಈಗ ಯಾರ ಮನೆಗೆ ಹೋದರೂ ಗುರುತು ಮಾಡುವಾಗ ಆ ಗೋಡೆಯ ಲೈಟು, ಫ್ಯಾನು, ಗೀಸರ್ ಎಲ್ಲಾ ಹಾಕಿಸುತ್ತೇನೆ. ಡ್ರಿಲ್ ಮಾಡುವಾಗ ಮೇನ್ ಸ್ವಿಚ್ ತೆಗೆಸಿ, ಬೇರೆ ಕಡೆಯಿಂದ ಕರೆಂಟ್ ತರುತ್ತೇನೆ ಅಥವಾ ಬ್ಯಾಟರಿ ಡ್ರಿಲ್ ಹಿಡಿಯುತ್ತೇನೆ. "ಮೊದಲು ಎಲ್ಲಾ ಹಾಕ್ರಿ ಅಂತೀರಿ, ಆಮೇಲೆ ಎಲ್ಲಾ ತೆಗೀರಿ ಅಂತೀರಿ" ಅಂತ ಒಬ್ಬ ಅಜ್ಜಿ ಬೈದಿದ್ದೂ ಇದೆ.

ಕೆಲವೊಮ್ಮೆ ಒಂದು ಫೂಟು ಅಗಲಕ್ಕೂ ಕರೆಂಟ್ ಇದೆ ಅಂತ ತೋರಿಸುತ್ತದೆ. ಅದು ಗೋಡೆಯ ಮೇಲಿನ ಸ್ಟ್ಯಾಟಿಕ್. ಇನ್ನೊಂದು ಕೈಯನ್ನು ಮಷೀನಿನಿಂದ ಸ್ವಲ್ಪ ದೂರ ಗೋಡೆಗೆ ಚಪ್ಪಟೆಯಾಗಿ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಬೆಳಗಾವಿ ಮಳೆಯ ಬಗ್ಗೆ ಹೇಳದಿದ್ದರೆ ಆಗೋದಿಲ್ಲ. ಜುಲೈ, ಆಗಸ್ಟಿನಲ್ಲಿ ಪಶ್ಚಿಮದ ಗೋಡೆ ಹಸಿ ಹಿಡಿದಿರುತ್ತದೆ. ಹಸಿ ಗೋಡೆಯ ಮೇಲೆ ಮಷೀನು ಒಮ್ಮೆ ಎಲ್ಲಾ ಕಡೆ ಕೂಗುತ್ತದೆ, ಒಮ್ಮೆ ವಾಯರ್ ಇದ್ದಲ್ಲೂ ಸುಮ್ನಿರುತ್ತದೆ. ತೇವ ವಾಯರಿನ ಗುರುತನ್ನೇ ಮುಚ್ಚಿಬಿಡುತ್ತದೆ. ಕಬ್ಬಿಣದ ಪೈಪಿನೊಳಗೆ ವಾಯರ್ ಹಾಕಿದ್ದರೂ ಹೀಗೇ, ಕರೆಂಟ್ ಕಾಣೋದಿಲ್ಲ, ಆದರೆ ಲೋಹ ಇದೆ ಅಂತ ತೋರಿಸುತ್ತದೆ. ಅಂಥ ಗೋಡೆಗೆ ನಾನು ಹಳೇ ಲೆಕ್ಕವನ್ನೇ ಹಿಡಿಯುತ್ತೇನೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಇಲ್ಲ. ಎರಡು ಬೋರ್ಡು ಒಂದೇ ಎತ್ತರದಲ್ಲಿದ್ದರೆ ಅವುಗಳ ನಡುವಿನ ಗೆರೆಯಲ್ಲೂ ಇಲ್ಲ. ವಾಯರನ್ನು ಓರೆಯಾಗಿ ಓಡಿಸಿದ ಮಹಾನುಭಾವರೂ ಇದ್ದಾರೆ, ಅವರಿಗೆ ಮಷೀನೂ ಇಲ್ಲ, ಲೆಕ್ಕವೂ ಇಲ್ಲ. ಗಿರಾಕಿಗೆ ಅವಸರ ಇಲ್ಲದಿದ್ದರೆ ದೀಪಾವಳಿ ಮುಗಿದ ಮೇಲೆ ಕರೀರಿ ಅಂತೀನಿ.

ಬಾತ್‌ರೂಮಿನ ಗೋಡೆ, ಅದರ ಹಿಂದಿನ ಬೆಡ್‌ರೂಮಿನ ಗೋಡೆ, ಈ ಎರಡಕ್ಕೆ ನನ್ನ ಮಷೀನು ಬ್ಯಾಗಿನಿಂದ ಹೊರಗೇ ಬರೋದಿಲ್ಲ. ಒಳಗೆ ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ಕಿನ ನೀರಿನ ಪೈಪು. ಅದರ ಮೇಲೆ ಎಷ್ಟು ಎಳೆದರೂ ಮಷೀನು ಏನೂ ಇಲ್ಲ ಅಂತ ಹಸಿರು ದೀಪ ತೋರಿಸುತ್ತಲೇ ಇರುತ್ತದೆ. ಟೈಲ್ಸ್ ಹಾಕೋ ಮೊದಲು ತೆಗೆದ ಫೋಟೋ ಇದ್ದರೆ ತೋರಿಸಿ ಅಂತ ಕೇಳುತ್ತೇನೆ. ಇಲ್ಲ ಅಂದರೆ ಟವೆಲ್ ರಾಡನ್ನು ಬಾಗಿಲಿಗೇ ಹಾಕಿಕೊಡುತ್ತೇನೆ.