ಬ್ಯಾಡಗಿ ಟೆಂಡರ್‌ಗೆ ಸದ್ದಿಲ್ಲ: ಒಂದು ಮಲ್ಟಿಮೀಡಿಯಾ ವರದಿ ಮಾಡಿದ ಬಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ತೀರ್ಮಾನವಾಗುವ ಗಳಿಗೆಯನ್ನು ವಿಡಿಯೊ ಮಾಡಲಿಕ್ಕೆ ಬರುವುದಿಲ್ಲ. ಸವಾಲು ಕೂಗುವವರಿಲ್ಲ. ಖರೀದಿದಾರರು ರಾಶಿಗಳ ನಡುವೆ ಓಡಾಡಿ, ಹಿಡಿ ಕಾಯಿ ಎತ್ತಿ, ಒಂದೆರಡು ಮುರಿದು ನೋಡಿ ಮುಂದೆ ಹೋಗುತ್ತಾರೆ. ದರ ಹಾಕುವುದು ಇ-ಟೆಂಡರ್‌ನಲ್ಲಿ, ಅಂದರೆ ಆನ್‌ಲೈನಿನಲ್ಲಿ. ಫಲಿತಾಂಶ ಬಂದಾಗ ಬದಲಾಗುವುದು ರೈತನ ಮುಖ ಮಾತ್ರ.

2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ಕಲ್ಲು ತೂರಿ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬಹುದು. ಆ ಬೆಂಕಿಯ ತುಣುಕುಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಆದರೆ ಬೆಳಿಗ್ಗೆ ಆಸೆಯಿಂದ ಚೀಲ ಬಿಚ್ಚಿದ ಮನುಷ್ಯ ಸಂಜೆಯೊಳಗೆ ಯಾಕೆ ಹಾಗಾದ ಅನ್ನುವುದು ಅವುಗಳಲ್ಲಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸುದ್ದಿತಾಣವೊಂದಕ್ಕೆ ಕೆಲಸ ಮಾಡುವ ನಾನು ಮುಂದಿನ ಹಂಗಾಮಿನಲ್ಲಿ ಅದನ್ನೇ ಹೇಳಲು ಹೊರಟೆ.

ಹೊರಡುವ ಮೊದಲು ಒಂದು ಹಾಳೆಯಲ್ಲಿ ಹಂಚಿಕೆ ಮಾಡಿಕೊಂಡೆ: ಯಾವುದನ್ನು ಕೇಳಿಸಬೇಕು, ಯಾವುದನ್ನು ತೋರಿಸಬೇಕು, ಯಾವುದನ್ನು ಬರೆದೇ ಹೇಳಬೇಕು. ಒಂದೇ ಮಾತು ಎರಡು ಕಡೆ ಬರಬಾರದು ಎಂಬುದೊಂದೇ ಷರತ್ತು. ನಮ್ಮಲ್ಲಿ ಮಲ್ಟಿಮೀಡಿಯಾ ಎಂದು ಬರುವ ಎಷ್ಟೋ ವರದಿಗಳು ಬರೆದದ್ದನ್ನೇ ಕ್ಯಾಮೆರಾ ಮುಂದೆ ಓದಿದವು. ಓದುಗ ಎರಡರಲ್ಲಿ ಒಂದನ್ನು ಬಿಡುತ್ತಾನೆ, ಬಿಟ್ಟದ್ದಕ್ಕೆ ಅವನಿಗೇನೂ ನಷ್ಟವಿಲ್ಲ.

ಪೇಟೆ ಸೋಮವಾರ ಮತ್ತು ಗುರುವಾರ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಚೀಲ ತುಂಬಿದ ಲಾರಿಗಳ ಸಾಲು. ಮೊದಲು ಮಾಡಿದ್ದು ಧ್ವನಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಬರೆಯುತ್ತಾರೆ. ಆದರೂ ಅಲ್ಲಿ ಕಾಲಿಟ್ಟವರು ಕೆಮ್ಮುತ್ತಾರೆ, ಸೀನುತ್ತಾರೆ. ಧೂಳಿನ ಘಾಟು. ಅದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಹಾಗಾಗಿ ಸಣ್ಣ ಕಾಲರ್ ಮೈಕನ್ನು ತೊಟ್ಟು ಬಿಡಿಸುವ ಹೆಂಗಸರ ನಡುವೆ ಚೀಲದ ಅಂಚಿಗೆ ಸಿಕ್ಕಿಸಿ ಸುಮ್ಮನೆ ಕುಳಿತೆ. ತೊಟ್ಟು ಮುರಿಯುವ ಚಟಚಟ, ಆಚೆ ಹಮಾಲರ ಕೂಗು, ನಡುನಡುವೆ ಸೀನು. ನಾನು ಕೆಮ್ಮಲು ಶುರು ಮಾಡಿದಾಗ ಒಬ್ಬ ಅಜ್ಜಿ, ‘ತಮ್ಮಾ, ಮೂಗಿಗೆ ವಸ್ತ್ರ ಕಟ್ಕೋ. ನಮಗರ ರೂಢಿ ಆಗೇತಿ, ನಿನಗ ಆಗಂಗಿಲ್ಲ’ ಎಂದಳು. ಆಡಿಯೊ ಶುರುವಾಗುವುದೇ ಆ ಮಾತಿನಿಂದ. ಅದರ ಮೇಲೆ ನನ್ನ ಧ್ವನಿಯಲ್ಲಿ ಒಂದು ವಾಕ್ಯವನ್ನೂ ಹಾಕಲಿಲ್ಲ.

ಸ್ಥಿರಚಿತ್ರಕ್ಕೆ ಇಟ್ಟುಕೊಂಡದ್ದು ಡಬ್ಬಿ ಮತ್ತು ಕಡ್ಡಿ ತಳಿಗಳ ವ್ಯತ್ಯಾಸ. ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ವಿಡಿಯೊದಲ್ಲಾದರೆ ಇದು ಸರ್ರನೆ ಹೋಗಿಬಿಡುತ್ತದೆ. ಫೋಟೊ ಆದರೆ ಓದುಗ ನಿಂತು ನೋಡುತ್ತಾನೆ. ಬಿಳಿ ಟವೆಲ್ ಮೇಲೆ, ನೆರಳಿನಲ್ಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದೆ. ಇಲ್ಲೊಂದು ಸೂಕ್ಷ್ಮವಿದೆ. ಮೊಬೈಲ್ ಕ್ಯಾಮೆರಾಗಳಿಗೆ ದಟ್ಟ ಕೆಂಪು ಕಷ್ಟ. ಬಿಸಿಲಿನಲ್ಲಿ ರಾಶಿಯ ಸುಕ್ಕೆಲ್ಲ ಅಳಿಸಿ ಒಂದೇ ಕೆಂಪು ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ (ಒಳಬರುವ ಬೆಳಕು) ತುಸು ಇಳಿಸಿ ಲಾಕ್ ಮಾಡಿಕೊಳ್ಳಬೇಕು, ವೈಟ್ ಬ್ಯಾಲೆನ್ಸ್‌ಗೆ (ಬಣ್ಣ ಇದ್ದಂತೆಯೇ ಬರುವುದಕ್ಕೆ) ಆ ಬಿಳಿ ಟವೆಲ್ಲೇ ಆಧಾರ. ಆಮೇಲೆ ಎಡಿಟಿಂಗ್‌ನಲ್ಲಿ ಕೆಂಪನ್ನು ಏರಿಸುವ ಚಟ ಕೆಲವರಿಗಿದೆ. ಬ್ಯಾಡಗಿಯಲ್ಲಿ ಬಣ್ಣಕ್ಕೇ ಬೆಲೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಯಿಂದ ಓಲಿಯೊರೆಸಿನ್ (ಬಣ್ಣ, ಖಾರದ ಗಟ್ಟಿ ಸಾರ) ತೆಗೆಯುವ ಕಾರ್ಖಾನೆಗಳು ನೋಡುವುದೂ ಬಣ್ಣವನ್ನೇ. ಫೋಟೊದಲ್ಲಿ ಬಣ್ಣ ಏರಿಸಿದರೆ ಮಾಲಿನ ಗುಣವನ್ನೇ ತಿದ್ದಿ ತೋರಿಸಿದಂತೆ. ನಾನು ಮುಟ್ಟುವುದಿಲ್ಲ.

ವಿಡಿಯೊಗೆ ಉಳಿದದ್ದು ಚಲನೆ ಇರುವುದು ಮಾತ್ರ: ಚೀಲ ಸುರುವುವುದು, ತೂಕ, ದಬ್ಬಳದಲ್ಲಿ ಬಾಯಿ ಹೊಲಿಯುವ ಹಮಾಲರ ಕೈ. ದಲಾಲಿ ಅಂಗಡಿಯೊಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದದ್ದು ಯಾಕೆ ಮಿಣುಕುತ್ತದೆ ಎಂದು ಹಲವರು ಕೇಳುತ್ತಾರೆ. ನಮ್ಮ ಕರೆಂಟು 50 ಹರ್ಟ್ಜ್‌ನದು. ಸೆಕೆಂಡಿಗೆ 25 ಫ್ರೇಮ್‌ಗೆ ಇಟ್ಟು, ಶಟರ್ 1/50 ಮಾಡಿಕೊಂಡರೆ ಬಹುತೇಕ ಸರಿಹೋಗುತ್ತದೆ.

ಇನ್ನು ಮುಖ್ಯವಾದದ್ದು, ಕಣ್ಣಿಗೆ ಕಾಣದ ದರ. ಎಪಿಎಂಸಿ ಪ್ರತಿ ಪೇಟೆಯ ದಿನ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರ (ಹೆಚ್ಚಿನ ಮಾಲಿಗೆ ಸಿಕ್ಕ ದರ) ಕೊಡುತ್ತದೆ. ಮಾಧ್ಯಮದವರು ತಲೆಬರಹಕ್ಕೆ ಎತ್ತಿಕೊಳ್ಳುವುದು ಗರಿಷ್ಠವನ್ನು. ಅದು ಸಿಗುವುದು ಬೆರಳೆಣಿಕೆಯ ಚೀಲಗಳಿಗೆ. ಆದರೆ ಊರಲ್ಲಿ ಅದನ್ನು ಓದಿದ ರೈತ ಅದೇ ಲೆಕ್ಕ ಹಿಡಿದು ಗಾಡಿ ಹೂಡುತ್ತಾನೆ. ಸಿಟ್ಟಿನ ಒಂದು ಬೇರು ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ; ಆವಕ (ಪೇಟೆಗೆ ಬಂದ ಮಾಲು), ತೇವಾಂಶ, ಕೋಲ್ಡ್ ಸ್ಟೋರೇಜ್‌ನಲ್ಲಿ ಕೂತ ಹಳೆ ಮಾಲು ಇವೆಲ್ಲ ಬೇರೆ ಕಾರಣಗಳು. ಆದ್ದರಿಂದ ಗ್ರಾಫಿನಲ್ಲಿ ಪ್ರತಿ ಪೇಟೆಗೆ ಮೂರು ಚುಕ್ಕೆ ಇಟ್ಟೆ. ಮಾದರಿ ದರದ ಚುಕ್ಕೆ ದಪ್ಪಗೆ, ಗರಿಷ್ಠದ್ದು ತೆಳ್ಳಗೆ ಮೇಲೆಲ್ಲೋ. ಎರಡರ ನಡುವಿನ ಖಾಲಿ ಜಾಗವೇ ಸುದ್ದಿ.

ಅದರ ಕೆಳಗೆ ಒಬ್ಬ ರೈತರ ಪಟ್ಟಿ, ಅಂದರೆ ದಲಾಲರು ಕೊಡುವ ಲೆಕ್ಕದ ಚೀಟಿಯ ಫೋಟೊ. ಚೀಲ, ತೂಕ, ದರ, ಹಮಾಲಿ, ಕೊನೆಗೆ ಕೈಗೆ ಬಂದದ್ದು. ಹೆಸರು, ಊರು ಮುಚ್ಚಿದೆ. ‘ಹಾಕ್ರಿ ಸಾಹೇಬ್ರ, ಸಾಲಾ ಕೊಟ್ಟಾವ್ರು ನೋಡಬಾರ್ದು ಅಷ್ಟ’ ಎಂದು ಅವರೇ ಷರತ್ತು ಹಾಕಿದ್ದರು.

ಕನ್ನಡ ಅಕ್ಷರದ ಕಾಟ ಪ್ರತಿ ಸಲದ್ದು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ವಿಡಿಯೊ ಆ್ಯಪ್‌ಗೆ ಹಾಕಿದರೆ ಬರೀ ಚಿಹ್ನೆಗಳು. ಯೂನಿಕೋಡ್ ಇದ್ದರೂ ಅಡೋಬಿಯ ಎಡಿಟಿಂಗ್ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಆನ್ ಇಲ್ಲದಿದ್ದರೆ ಒತ್ತಕ್ಷರ ಕಳಚಿ ಪಕ್ಕದಲ್ಲಿ ಕೂರುತ್ತದೆ. ಮೊದಲು ‘ಕ್ವಿಂಟಲ್’ ಎಂದು ಬರೆದು ನೋಡಿ, ಅದು ನೆಟ್ಟಗೆ ಬಂದರೆ ಉಳಿದದ್ದೂ ಬರುತ್ತದೆ.

ವರದಿ ಪ್ರಕಟವಾದ ಮೇಲೆ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗಿದ್ದು ವಿಡಿಯೊ ಅಲ್ಲ, ಆಡಿಯೊವೂ ಅಲ್ಲ, ಗ್ರಾಫಿನ ಸ್ಕ್ರೀನ್‌ಶಾಟ್. ಸುತ್ತಲಿನ ಬರಹವೆಲ್ಲ ಕತ್ತರಿಸಿ ಹೋಗಿತ್ತು. ಈಗ ಗ್ರಾಫ್ ಮಾಡಿದಾಗೆಲ್ಲ ತಾರೀಖು, ತಳಿ, ಮೂಲ ಈ ಮೂರನ್ನೂ ಚುಕ್ಕೆಗಳ ನಡುವೆಯೇ, ಕತ್ತರಿಸಲು ಬಾರದ ಕಡೆ ಬರೆಯುತ್ತೇನೆ. ಡಿಸೈನ್ ಮಾಡುವ ಹುಡುಗ ಅಂದಗೆಡುತ್ತದೆ ಎಂದು ಇನ್ನೂ ಜಗಳ ಆಡುತ್ತಾನೆ.