ಬೀಪ್ ನಿಲ್ಲದ ಫ್ರಿಜ್: ಮೆಕ್ಯಾನಿಕ್‌ಗೆ ಕರೆ ಮಾಡುವ ಮುನ್ನ

ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಪದೇ ಪದೇ ಬೀಪ್ ಎನ್ನುತ್ತಿದ್ದರೆ, ಆ ಸದ್ದು ಪಕ್ಕದ ಇನ್ವರ್ಟರ್‌ನದಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಮೊದಲು ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿದೆಯೇ ಎಂದು ಪರೀಕ್ಷಿಸಬೇಕು. ರಬ್ಬರ್ ಪಟ್ಟಿ ಹಾಗೂ ಫ್ರಿಜ್‌ನ ನಡುವೆ ಕಾಗದವೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ, ಅಲ್ಲಿ ಹಿಡಿತ ಸಡಿಲವಾಗಿದೆ ಎಂದರ್ಥ. ಪಟ್ಟಿಗೆ ಅಂಟಿದ ಜಿಡ್ಡನ್ನು ಸೋಪಿನ ಉಗುರುಬೆಚ್ಚಗಿನ ನೀರಿನಿಂದ ಒರೆಸಿ, ಸೀಳಿದ್ದರೆ ಹೊಸದನ್ನು ಹಾಕಿಸಿ. ಮುಂಗಾಲುಗಳನ್ನು ತುಸು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ದೀರ್ಘ ಕಾಲ ಕರೆಂಟ್ ಹೋಗಿ ಬಂದಿದ್ದರೆ, ಕೆಲವು ಮಾದರಿಗಳಲ್ಲಿ ಒಳಗಿನ ತಾಪಮಾನ ಏರಿದ್ದಕ್ಕೂ ಬೀಪ್ ಬರುವುದುಂಟು. ಬಾಗಿಲು ತೆರೆಯದೆ ಕೆಲವು ಗಂಟೆ ಬಿಡಿ. ಬಿಸಿ ಸಾರಿನ ಪಾತ್ರೆಯನ್ನು ಹಾಗೆಯೇ ಒಳಗಿಡುವ ನಮ್ಮ ಅಭ್ಯಾಸವೂ ಇದಕ್ಕೆ ಕಾರಣವಾಗಬಹುದು. ಇಷ್ಟಾದರೂ ಸದ್ದು ನಿಲ್ಲದೆ, ಪರದೆಯಲ್ಲಿ ದೋಷದ ಸಂಕೇತ ಕಂಡರೆ ಅದನ್ನು ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತಿಳಿಸಿ.